ಹೆಮಟೈಟ್ ಹೈಟ್ಸ್‌ನ ಸಸ್ಯಾಹಾರ

ನವಿ ಮುಂಬಯಿಯ ಸೀವುಡ್ಸ್ ಸ್ಟೇಷನ್ನಿಗೆ ಹತ್ತಿರದ ಹೆಮಟೈಟ್ ಹೈಟ್ಸ್ ಸಹಕಾರಿ ಗೃಹನಿರ್ಮಾಣ ಸಂಘವು ಪರಿಪೂರ್ಣ ಸಸ್ಯಾಹಾರಿ ಕಟ್ಟಡವೆಂಬುದನ್ನು ಈ ಮೂಲಕ ಸರ್ವರ ಅವಗಾಹನೆಗೆ ತರಲಾಗಿದೆ. ಕಟ್ಟಡದ ಗೋಡೆ, ಲಿಫ್ಟು, ನೀರಿನ ಟಾಂಕಿಗಳು ಹುಟ್ಟಿನಿಂದಲೇ ಸಸ್ಯಾಹಾರಿಗಳು. ನಿವಾಸಿಗಳ ವಿಷಯದಲ್ಲಿ ಮಾತ್ರ ಆಗಾಗ ಪರಿಶೀಲನೆ ಬೇಕಾಗುವುದರಿಂದ, ಗೇಟಿನಲ್ಲಿ ವಿಶಾಲ್ ಎಂಬ ವಾಚ್‌ಮನ್ ಪ್ರತಿಯೊಬ್ಬರ ಕೈಚೀಲವನ್ನೂ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದ.

ಕಟ್ಟಡಕ್ಕೆ ಆ ಹೆಸರು ಇಟ್ಟವನು ಬಿಲ್ಡರ್. ಅದರ ಅರ್ಥವನ್ನು ಯಾರೂ ಕೇಳಿರಲಿಲ್ಲ. ಮೆಂಟೆನೆನ್ಸ್ ಕಟ್ಟುವುದಕ್ಕೆ ಅರ್ಥ ಬೇಕಾಗುವುದಿಲ್ಲ.

ಮೂರನೇ ಮಾಳಿಗೆಯ ಜಯಶೀಲ ಶೆಟ್ರು ಕಲ್ಯಾಣದ ಹೋಟೆಲೊಂದರ ಮ್ಯಾನೇಜರು. ಫ್ಲ್ಯಾಟ್ ಕೊಳ್ಳುವಾಗ ಸಸ್ಯಾಹಾರದ ಕರಾರಿಗೆ ಅವರೂ ಸಹಿ ಹಾಕಿದ್ದರು. ಭಾನುವಾರ ಗಂಡ ಹೆಂಡತಿ ಕಲ್ಯಾಣದ ಅಕ್ಕನ ಮನೆಗೆ ಹೋಗಿ ಮೀನು ಉಂಡು, ಬಾಯಿಗೆ ಸೋಂಪು ಹಾಕಿಕೊಂಡು, ಸಸ್ಯಾಹಾರಿಗಳಾಗಿ ಹಿಂದಿರುಗುತ್ತಿದ್ದರು. ಹೀಗೆಯೇ ವರ್ಷಗಳು ಕಳೆಯುತ್ತಿದ್ದವು. ಅಷ್ಟರಲ್ಲಿ ಮಗಳು ಮಾನಸಿ ಬಾಣಂತನಕ್ಕೆ ಬಂದಳು.

ಹೆರಿಗೆಯಲ್ಲಿ ಹುಡುಗಿ ತುಂಬ ರಕ್ತ ಕಳೆದುಕೊಂಡಿದ್ದಳು. ಮುಖ ಸುಣ್ಣದ ಹಾಗೆ ಬಿಳಿ. ಮಗುವನ್ನು ಎತ್ತಿಕೊಂಡು ಎದ್ದರೆ, "ಮಮ್ಮಿ, ಇವನನ್ನ ಹಿಡಿ, ಚಕ್ಕರ್ ಬರ್ತಾ ಇದೆ" ಎಂದು ಮತ್ತೆ ಕೂತುಬಿಡುತ್ತಿದ್ದಳು. ತಾಯಿ ರತ್ನಾವತಿ ಅವಳನ್ನು ನೆರೂಳದ ಡಾಕ್ಟರ್ ಅಪರ್ಣಾ ಅವರಲ್ಲಿಗೆ ಕರೆದುಕೊಂಡು ಹೋದರು.

ಡಾಕ್ಟರು ರಿಪೋರ್ಟು ನೋಡಿದರು, ವಿಳಾಸವನ್ನೂ ನೋಡಿದರು. "ಹೆಮಟೈಟ್ ಹೈಟ್ಸ್‌ನಲ್ಲಿದ್ದುಕೊಂಡು ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ" ಎಂದರು.

ರತ್ನಾವತಿಗೆ ಅರ್ಥವಾಗಲಿಲ್ಲ.

"ಹೆಮಟೈಟ್ ಅಂದರೆ ಕಬ್ಬಿಣದ ಅದಿರು. ಗ್ರೀಕರು ಅದನ್ನು ರಕ್ತದ ಕಲ್ಲು ಅಂದರು. ಉಜ್ಜಿದರೆ ಕೆಂಪು ಬರುತ್ತದೆ. ಹಿಮೋಗ್ಲೋಬಿನ್ನಿನ ಹಿಮೋ ಕೂಡ ಅದೇ ರಕ್ತ." ಡಾಕ್ಟರು ಮಾತ್ರೆ ಬರೆದುಕೊಟ್ಟರು. "ಮನೆಯಲ್ಲಿ ಮೀನು ತಿನ್ನುತ್ತೀರಲ್ಲ? ದಿನಾ ಕೊಡಿ. ಬಂಗುಡೆ ಆದರೆ ಒಳ್ಳೆಯದು."

ಬಾಣಂತಿಯನ್ನು ದಿನಾ ಕಲ್ಯಾಣಕ್ಕೆ ಲೋಕಲ್ ರೈಲಿನಲ್ಲಿ ಕರೆದೊಯ್ಯುವಂತಿಲ್ಲ. ಗಂಡ ಹೆಂಡತಿ ಅದೇ ಸಂಜೆ ಸೊಸೈಟಿಯ ಕಾರ್ಯದರ್ಶಿ ಸಂಕರ್ಷಣ ರಾಯರ ಬಾಗಿಲು ತಟ್ಟಿದರು. ಉಡುಪಿ ಕಡೆಯ ರಾಯರದು ಸಸ್ಯಾಹಾರಿ ಹೋಟೆಲು. ಅದೇ ಕಟ್ಟಡದಲ್ಲಿ ಅವರಿಗೆ ಇನ್ನೊಂದು ಫ್ಲ್ಯಾಟಿತ್ತು. 'ಪ್ಯೂರ್ ವೆಜ್ ಬಿಲ್ಡಿಂಗ್' ಎಂದು ಜಾಹೀರಾತು ಕೊಟ್ಟು ಅದನ್ನು ಒಳ್ಳೆಯ ರೇಟಿಗೆ ಮಾರುವ ಮಾತುಕತೆ ನಡೆದಿತ್ತು.

"ಶೆಟ್ರೇ, ನನಗೂ ಮಗಳಿದ್ದಾಳೆ" ಎಂದರು ರಾಯರು. "ಆದರೆ ನಿಯಮಕ್ಕೆ ಮಗಳಿಲ್ಲ ನೋಡಿ. ರಕ್ತಮಾಂಸಕ್ಕೆ ಸಂಬಂಧಪಟ್ಟ ಏನನ್ನೂ ಆವರಣದೊಳಗೆ ತರುವಂತಿಲ್ಲ, ಇಡುವಂತಿಲ್ಲ, ಪ್ರದರ್ಶಿಸುವಂತಿಲ್ಲ."

"ಹಾಗಾದರೆ ಗೇಟಿನ ಮೇಲಿರುವ ಬೋರ್ಡು ತೆಗೆಸಬೇಕು ರಾಯರೇ" ಎಂದರು ರತ್ನಾವತಿ, ಮತ್ತು ಡಾಕ್ಟರು ಹೇಳಿದ್ದನ್ನು ಹೇಳಿದರು.

ಮರುದಿನ ಬೆಳಿಗ್ಗೆ ಬೋರ್ಡಿನ ಮೇಲೆ ಹಳೆಯ ಬೆಡ್‌ಶೀಟು ಬಿದ್ದಿತ್ತು. ಕೆಳಗೆ ಹೀಗೊಂದು ಪ್ರಕಟಣೆ: 'ನಮ್ಮ ಕಟ್ಟಡದ ಹೆಸರು ಮಾಂಸಾಹಾರಿಯೆಂಬ ದೂರು ಬಂದಿರುವುದರಿಂದ, ವಿಚಾರಣೆ ಮುಗಿಯುವತನಕ ನಿವಾಸಿಗಳು ಸದರಿ ಹೆಸರನ್ನು ಉಚ್ಚರಿಸಬಾರದು. ಅನಿವಾರ್ಯವಾದಲ್ಲಿ ಉಚ್ಚರಿಸಿದ ಬಳಿಕ ಬಾಯಿ ಮುಕ್ಕಳಿಸತಕ್ಕದ್ದು.'

ಜನ ಅದನ್ನು ಶಿಸ್ತಾಗಿ ಪಾಲಿಸಿದರು. ರಿಕ್ಷಾದವರಿಗೆ "ಆ ಬಿಲ್ಡಿಂಗ್" ಎಂದು ಹೇಳಿ ಬೇರೆ ಬಿಲ್ಡಿಂಗಿನಲ್ಲಿ ಇಳಿದರು. ಪಾರ್ಸೆಲ್ಲುಗಳೆಲ್ಲ ಪಕ್ಕದ ಸೊಸೈಟಿಗೆ ಹೋದವು. ಆನ್‌ಲೈನಿನಲ್ಲಿ ತರಿಸಿದ್ದ ಮಾನಸಿಯ ಮಾತ್ರೆಯೂ ಅಲ್ಲಿಗೇ ಹೋಯಿತು. ಅದು ಸಿಗುವಷ್ಟರಲ್ಲಿ ಹುಡುಗಿ ಬಚ್ಚಲಲ್ಲಿ ಕಣ್ಣುಕತ್ತಲೆ ಬಂದು ಬಿದ್ದಳು. ಪೆಟ್ಟೇನೂ ಆಗಲಿಲ್ಲ. ರತ್ನಾವತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸಿದರು. ಆಮೇಲೆ ಎದ್ದು ಸೀರೆ ಬದಲಿಸಿ ಹೆಸರಿನ ವಿಚಾರಣೆಗೆ ಸೊಸೈಟಿ ಕರೆದಿದ್ದ ತುರ್ತು ಸಭೆಗೆ ಹೋದರು.

ಸಭೆಯಲ್ಲಿ ಹೆಸರು ಬದಲಿಸಬೇಕೆಂಬುದಕ್ಕೆ ಎಲ್ಲರ ಒಪ್ಪಿಗೆಯಿತ್ತು. ಸೊಸೈಟಿಯ ಕಾನೂನು ಸಲಹೆಗಾರ ಸರ್ವೋತ್ತಮ ಎದ್ದು ನಿಂತು, ಹೆಸರು ಬದಲಾದರೆ ಆಧಾರ್, ಹೋಮ್ ಲೋನ್, ಗ್ಯಾಸು ಎಲ್ಲ ಬದಲಾಗಬೇಕು, ಅದು ಮುಗಿಯುವತನಕ ಯಾರೂ ಫ್ಲ್ಯಾಟ್ ಮಾರುವಂತಿಲ್ಲ ಎಂದರು. ಒಪ್ಪಿಗೆ ಅಲ್ಲಿಗೇ ಮುಗಿಯಿತು.

"ಬೇರೆ ದಾರಿ ಇಲ್ಲವಾ ಮಾರಾಯ್ರೆ?" ಎಂದರು ಸಂಕರ್ಷಣ ರಾಯರು.

"ಉಂಟು" ಎಂದರು ಸರ್ವೋತ್ತಮ. "ಊರಿನಲ್ಲಿ ತುಳಸಿಕಟ್ಟೆಗೆ ಬಳಿಯುವ ಕಾವಿ, ಇಲ್ಲಿನವರು ಗೇರು ಅನ್ನುತ್ತಾರಲ್ಲ, ಅದರ ಕೆಂಪು ಈ ಹೆಮಟೈಟಿನದ್ದೇ. ತುಳಸಿಕಟ್ಟೆ ನಾನ್‌ವೆಜ್ ಅಂತ ಹೇಳುವವರು ಯಾರಾದರೂ ಇದ್ದರೆ ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಕೂಡಲೇ ನಿರ್ಣಯವಾಯಿತು: 'ಖನಿಜ ಸ್ವರೂಪದ ರಕ್ತವು ಸಸ್ಯಾಹಾರ. ಕಬ್ಬಿಣದ ಅಂಶವುಳ್ಳ ಯಾವುದೇ ವಸ್ತುವನ್ನು ಖನಿಜವೆಂದೇ ಪರಿಗಣಿಸತಕ್ಕದ್ದು.'

"ಬಂಗುಡೆಯಲ್ಲಿ ಕಬ್ಬಿಣ ಉಂಟಂತೆ" ಎಂದರು ರತ್ನಾವತಿ.

ಸಭೆ ಅವರತ್ತ ತಿರುಗಿತು. "ಅದು ಮೀನು ರತ್ನಕ್ಕ" ಎಂದರು ರಾಯರು.

"ನನ್ನ ಮಗಳು ಇವತ್ತು ಬಚ್ಚಲಲ್ಲಿ ಬಿದ್ದಳು. ಅವಳಿಗೆ ಬೇಕಾದದ್ದು ಕಬ್ಬಿಣ. ಅದು ಯಾವುದರೊಳಗೆ ಬರುತ್ತದೆ ಅಂತ ನಾನು ನೋಡುವುದಿಲ್ಲ. ನೀವು ನೋಡುವುದಾದರೆ, ನಾಡಿದ್ದು ನಿಮ್ಮ ಫ್ಲ್ಯಾಟ್ ನೋಡಲು ಬರುವವರಿಗೆ ಈ ಹೆಸರಿನ ಅರ್ಥ ನಾನೇ ಬಿಡಿಸಿ ಹೇಳುತ್ತೇನೆ. ರಕ್ತದಿಂದ ಶುರುಮಾಡುತ್ತೇನೆ. ಕಾವಿಯ ತನಕ ಬರುವಷ್ಟು ಅವರಿಗೆ ಪುರುಸೊತ್ತು ಇರುತ್ತದೋ ಇಲ್ಲವೋ."

ರಾಯರು ಸರ್ವೋತ್ತಮರ ಮುಖ ನೋಡಿದರು. ಸರ್ವೋತ್ತಮ ಕನ್ನಡಕ ಒರೆಸಿಕೊಂಡು, ಗಣಿಯಿಂದ ಬಂದದ್ದು ಮಾತ್ರ ಖನಿಜವೆಂದು ನಿರ್ಣಯದಲ್ಲಿ ಎಲ್ಲೂ ಹೇಳಿಲ್ಲ, ಸಮುದ್ರದಿಂದ ಬಂದರೂ ಅಡ್ಡಿಯಿಲ್ಲ ಎಂದು ಅಭಿಪ್ರಾಯ ಕೊಟ್ಟರು. ಒಂದೇ ಷರತ್ತು: ಆವರಣದೊಳಗೆ ಸದರಿ ವಸ್ತುವನ್ನು ಹೆಮಟೈಟ್ ಎಂದೇ ಕರೆಯತಕ್ಕದ್ದು.

ಬೋರ್ಡಿನ ಬೆಡ್‌ಶೀಟು ಇಳಿಯಿತು. ಮರುದಿನ ಜಯಶೀಲ ಶೆಟ್ರು ಚೀಲ ಹಿಡಿದು ಬಂದಾಗ ವಿಶಾಲ್ ಅಭ್ಯಾಸಬಲದಿಂದ ಮೂಸಿ ನೋಡಿದ. "ಹೆಮಟೈಟ್" ಎಂದರು ಶೆಟ್ರು. "ತಾಜಾ ಹೈ, ಸಾಬ್" ಎಂದು ಅವನು ಗೇಟು ತೆಗೆದ.

ಮಾನಸಿ ಮೊದಲ ದಿನವೇ ಎರಡು ತಟ್ಟೆ ಅನ್ನ ಉಂಡಳು. ವಾರಗಳು ಕಳೆದಂತೆ ಅವಳ ಕೆನ್ನೆಗೆ ಬಣ್ಣ ಬಂತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ತಾನೇ ಟೆರೇಸು ಹತ್ತತೊಡಗಿದಳು. ಇದನ್ನು ಕಂಡ ಎಷ್ಟೋ ಮನೆಗಳವರಿಗೆ ತಮ್ಮಲ್ಲೂ ರಕ್ತ ಕಡಿಮೆಯಾಗಿರುವ ಸಂಶಯ ಬಂತು. ಭಾನುವಾರ ಮಧ್ಯಾಹ್ನ ಎಲ್ಲ ಮಾಳಿಗೆಗಳಿಂದಲೂ ಖನಿಜ ಕುದಿಯುವ ಪರಿಮಳ ಏಳತೊಡಗಿತು. ಲಿಫ್ಟಿನಲ್ಲಿ ಹೆಂಗಸರು, ತಮ್ಮ ಹೆಮಟೈಟಿಗೆ ಹುಣಸೆಹುಳಿ ಹೆಚ್ಚಾಯಿತು ಎಂದು ಮಾತಾಡಿಕೊಂಡರು.

ರಾಯರ ಫ್ಲ್ಯಾಟಿನ ಗಿರಾಕಿ, ಗುಣಪಾಲ ಎಂಬ ಡೊಂಬಿವಲಿಯ ವ್ಯಾಪಾರಿ, ಮುಂಗಡ ಕೊಡುವುದಕ್ಕೆ ಬಂದದ್ದು ಅಂಥದೊಂದು ಭಾನುವಾರವೇ. ಮೆಟ್ಟಿಲಲ್ಲಿ ಅವರು ನಿಂತು ಉಸಿರೆಳೆದುಕೊಂಡರು.

"ಏನು ರಾಯರೇ, ಇದು ಪ್ಯೂರ್ ವೆಜ್ ಅಲ್ಲವಾ?"

"ಹೌದು. ಇದು ಖನಿಜ. ಸೊಸೈಟಿಯ ನಿರ್ಣಯ ಉಂಟು, ಬೇಕಾದರೆ ತೋರಿಸುತ್ತೇನೆ."

ಗುಣಪಾಲ ನಿರ್ಣಯ ಕೇಳಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸ್ವರ ತಗ್ಗಿಸಿದರು. "ಅಂಜಲ್ ಮೀನು ತರಬಹುದಾ?"

"ಅಂಜಲ್ ಮ್ಯಾಗ್ನೆಟೈಟಿನಲ್ಲಿ ಬರುತ್ತದೆ" ಎಂದರು ರಾಯರು. "ಅದು ಬೇರೆ ಅದಿರು, ಅದಕ್ಕೆ ಪ್ರತ್ಯೇಕ ಅನುಮತಿ ತಗೊಳ್ಳಬೇಕು."

"ತಗೊಳ್ಳುವ" ಎಂದು ಗುಣಪಾಲ ಚೆಕ್ಕು ಬರೆದರು.