ವಿಮೆಯವರಿಗೆ ಒಂದು ಲೋಟ ಕಾಫಿ

ಟಿ. ದಾಸರಹಳ್ಳಿಯ ನಮ್ಮ ವಠಾರದ ಗೇಟಿನೊಳಗೆ, ನೀರಿನ ಸಂಪಿನ ಮುಚ್ಚಳದ ಮೇಲೆ ನಾನು ನಿಂತಿದ್ದೆ. ತುಮಕೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ. ಶನಿವಾರ, ಬೆಳಿಗ್ಗೆ ಹತ್ತೂವರೆ. ಆ ದಿನ ನಾನು ಗೆದ್ದೆ. ನಮ್ಮ ಬೀದಿಯವರು ಅದನ್ನು ಬೇರೆ ರೀತಿ ಹೇಳುತ್ತಾರೆ.

ಪಂಚಾಯಿತಿ ಕಾಲದಲ್ಲಿ ಅಪ್ಪ ಕಟ್ಟಿಸಿದ ವಠಾರ. ಮುಂದೆ ನಮ್ಮ ಮನೆ, ಹಿಂದೆ ಸಾಲಾಗಿ ಆರು ಬಾಡಿಗೆ ಮನೆ. ಪೀಣ್ಯದ ಕಾರ್ಖಾನೆ ಕೆಲಸ ಮುಗಿದ ಮೇಲೆ ನನಗೂ ಹೆಂಡತಿ ರತ್ನಳಿಗೂ ಅನ್ನ ಹಾಕುತ್ತಿದ್ದುದು ಆ ಆರು ಮನೆಗಳೇ. ಒಮ್ಮೆ ಹಿಂದಿನ ಬೀದಿಯಲ್ಲಿ ಇಂಥದ್ದೇ ವಠಾರವೊಂದು ವೈರು ಸುಟ್ಟು ಹೊತ್ತಿಕೊಂಡಿತು. ಜನ ಉಳಿದರು, ಮನೆ ಉಳಿಯಲಿಲ್ಲ. ನಾನು ಎದುರಿಗೇ ನಿಂತು ನೋಡಿದ್ದೆ. ಅಂದಿನಿಂದ ಸ್ವಿಚ್ ಹಾಕಲೂ ರತ್ನಳನ್ನೇ ಕರೆಯುತ್ತಿದ್ದೆ. ವಿಮೆ ಮಾಡಿಸಲೇಬೇಕೆಂದು ಹೊರಟೆ.

ಹೋದಲ್ಲೆಲ್ಲ ಕಟ್ಟಡದ ವಯಸ್ಸು ಕೇಳಿದರು, ಬಾಡಿಗೆಯವರು ಎಷ್ಟು ಜನ ಎಂದು ಕೇಳಿದರು, ಆಮೇಲೆ ಕುಡಿಯಲು ನೀರು ಕೊಟ್ಟು ಕಳಿಸಿದರು. ಕೊನೆಗೆ ಒಂದು ಕಂಪನಿಯವರು ಮಾತ್ರ, ತಮ್ಮ ಸರ್ವೇಯರ್ ಬಂದು ನೋಡಿ ಒಪ್ಪಿದರೆ ಸರಿ ಎಂದರು.

ಸಿದ್ಧತೆಗೆ ಇಳಿದೆ. ಆರು ಮನೆಗೂ ಹೊಸ ವೈರು ಎಳೆಸಿದೆ, ಬಿರುಕುಗಳಿಗೆ ಸಿಮೆಂಟು ಮೆತ್ತಿಸಿದೆ, ಸುಣ್ಣ ಹೊಡೆಸಿದೆ. ನಮ್ಮ ಮನೆಗೆ ಅಪ್ಪನ ಕಾಲದ ವೈರೇ ಸಾಕು, ಮಾಲೀಕನ ಮನೆಯನ್ನು ಯಾರು ನೋಡುತ್ತಾರೆ ಎಂದುಕೊಂಡೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆರು ಮನೆ ಎಂದರೆ ಆರು ಬೆಂಕಿ, ಅದನ್ನು ಕಂಡರೆ ಸರ್ವೇಯರ್ ಓಡಿಹೋಗುತ್ತಾರೆ ಎಂಬ ಮಹಾಸತ್ಯ ಹೊಳೆಯಿತು. ಅವರು ಬರುವ ಶನಿವಾರ ಬೆಳಿಗ್ಗೆ ಎಲ್ಲರ ಗ್ಯಾಸ್ ಒಲೆಗಳನ್ನೂ ಸಿಲಿಂಡರ್, ನೀರು ಕಾಯಿಸುವ ಕಾಯಿಲ್ ಸಮೇತ ನಮ್ಮ ನಡುಮನೆಯಲ್ಲಿ ತಂದಿಡಿಸಿದೆ.

ಹೊತ್ತು ತಂದವನು ಮೂರನೇ ಮನೆಯ ಶರಣಪ್ಪ. ಯಾದಗಿರಿ ಕಡೆಯವನು, ಗಾರೆ ಕೆಲಸದವನು. ಮಧ್ಯಾಹ್ನ ಏನು ಉಣ್ಣಬೇಕು ಎಂದು ಕೇಳಿದ. ಮೊದಲು ವಿಮೆ, ಆಮೇಲೆ ಊಟ ಎಂದೆ. ರತ್ನ ಬಾಗಿಲಲ್ಲೇ ನಿಂತುಬಿಟ್ಟಳು.

"ಕಾಲಿಡೋಕೆ ಜಾಗ ಇಲ್ಲ ಕಣ್ರೀ. ಬೆಂಕಿ ಅಂದ್ರೆ ನಡುಗ್ತೀರ, ಅದನ್ನೇ ತಂದು ಮನೆ ತುಂಬಿಸ್ಕೊಂಡ್ರಲ್ಲ."

ಒಂದು ಗಂಟೆ ತಾಳು ಎಂದೆ.

ಸರ್ವೇಯರ್ ಬಂದರು. ಮಿತಭಾಷಿ. ಗೋಡೆ ತಟ್ಟಿದರು, ಸ್ವಿಚ್ ಬೋರ್ಡು ಬಿಚ್ಚಿಸಿದರು, ತಾರಸಿ ಹತ್ತಿ ಇಳಿದರು. ಹಳೆಯದಾದರೂ ಚೆನ್ನಾಗಿಟ್ಟಿದ್ದೀರಿ, ಪೂರ್ತಿ ಕಟ್ಟಡಕ್ಕೆ ಬರೆದುಬಿಡುತ್ತೇನೆ ಎಂದು ಹೆಲ್ಮೆಟ್ ಕೈಗೆತ್ತಿಕೊಂಡರು. ಸಂಪಿನ ಮೇಲೆ ನಿಂತಿದ್ದ ನಾನು ಒಂದು ಅಡಿ ಎತ್ತರವಾದೆ.

ಅಷ್ಟು ಒಳ್ಳೆಯ ಮನುಷ್ಯ ನಮ್ಮ ಬಾಗಿಲಿಂದ ಕಾಫಿ ಕುಡಿಯದೆ ಹೋಗುವುದೇ? ಅವರ ಹೆಲ್ಮೆಟ್ ಕಿತ್ತುಕೊಂಡೆ. ಬೇಡ ಎಂದರು; ಕೈ ಹಿಡಿದು ಎಳೆದೆ. ಕಿಟಕಿಯಲ್ಲಿ ರತ್ನ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದಳು. ಹಾಲು ಮುಗಿದಿರಬೇಕು ಎಂದುಕೊಂಡು, ಟೀ ಡಿಕಾಕ್ಷನ್ ಆದರೂ ಪರವಾಗಿಲ್ಲ ಎಂದು ಕೂಗಿದೆ. ಬಾಗಿಲು ನಾನೇ ತೆಗೆದೆ.

ಸರ್ವೇಯರ್ ಒಲೆಗಳನ್ನು ನೋಡಿದರು. ಸಿಲಿಂಡರುಗಳನ್ನು ನೋಡಿದರು. ನಿಧಾನವಾಗಿ ತಲೆ ಎತ್ತಿ, ಮೇಲೆ ಜೋತಾಡುತ್ತಿದ್ದ ಅಪ್ಪನ ಕಾಲದ ವೈರು ನೋಡಿದರು.

"ಮದ್ವೆ ಅಡುಗೆ ಕಾಂಟ್ರಾಕ್ಟ್ ಏನಾದ್ರೂ ಮಾಡ್ತೀರಾ ಸಾರ್?"

ವಿಷಯವನ್ನೆಲ್ಲ ರತ್ನ ಹೇಳಿಬಿಟ್ಟಳು.

"ಒಲೆ ಇಲ್ಲದ ಮನೆ ಎಲ್ಲಾದ್ರೂ ಇರುತ್ತಾ ಸಾರ್? ಮನೆಗೊಂದು ಇದ್ರೆ ಅದು ಅಡುಗೆ. ಎಲ್ಲಾ ಸೇರಿ ಈ ವೈರಿನ ಕೆಳಗಿದ್ರೆ ಅದು ಬಾಂಬು."

ಸರ್ವೇಯರ್ ಕಾಫಿ ಕುಡಿದರು. ಆದರೆ ಗೇಟಿನಾಚೆ, ರಸ್ತೆಯಲ್ಲಿ ನಿಂತು.

ವಿಮೆ ಬಂತು! ಎಲ್ಲರೂ ಬೆನ್ನು ತೋರಿಸಿದ್ದ ವಠಾರಕ್ಕೆ, ನಮ್ಮ ಬೀದಿಯಲ್ಲೇ ಮೊಟ್ಟಮೊದಲ ವಿಮೆ. ಆರು ಬಾಡಿಗೆ ಮನೆಗಳೂ ಭದ್ರ, ನಮ್ಮ ಅನ್ನವೂ ಭದ್ರ. ಬಾಡಿಗೆಯವರನ್ನೆಲ್ಲ ಕರೆದು ವಿಮೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಸಾಲು ಮಾತ್ರ ಮೆಲ್ಲಗೆ ಓದಿದೆ: ಹೊಸ ವೈರು ಎಳೆಸುವವರೆಗೆ ಮಾಲೀಕರ ವಾಸದ ಮನೆ ಇದರಲ್ಲಿ ಸೇರಿಲ್ಲ.

ಶರಣಪ್ಪ ಹತ್ತಿರ ಬಂದು ಸಮಾಧಾನ ಹೇಳಿದ. "ಚಿಂತಿ ಮಾಡಬ್ಯಾಡ್ರಿ ಮಾಲಕ್ರ. ಬೆಂಕಿ ಬಿದ್ರ ಇಬ್ರೂ ನಮ್ಮ ಮನಿಗೆ ಬಂದ್ಬಿಡ್ರಿ. ಅದಕ್ಕ ವಿಮಾ ಐತಲ್ಲ."

ಇದನ್ನೆಲ್ಲ ಕಣ್ಣಾರೆ ಕಂಡವರು ಮೂವರು. ಸರ್ವೇಯರ್ ನಿವೃತ್ತರಾಗಿ ಚಿಕ್ಕಬಾಣಾವರದಲ್ಲಿದ್ದಾರೆ. ಶರಣಪ್ಪ ಈಗಲೂ ಮೂರನೇ ಮನೆಯಲ್ಲೇ ಇದ್ದಾನೆ. ರತ್ನ ಒಳಗೆ ಒಗ್ಗರಣೆ ಹಾಕುತ್ತಿದ್ದಾಳೆ. ಮೂವರೂ ಗಟ್ಟಿಮುಟ್ಟಾಗಿದ್ದಾರೆ, ಮೂವರಿಗೂ ನೆನಪಿನ ಶಕ್ತಿ ಚೆನ್ನಾಗಿದೆ. ಆದ್ದರಿಂದ ಇಲ್ಲಿ ನನ್ನನ್ನು ಇದಕ್ಕಿಂತ ಬುದ್ಧಿವಂತನನ್ನಾಗಿ ಬರೆದುಕೊಳ್ಳಲು ಅವಕಾಶವಿಲ್ಲ.