ನಮ್ಮ ಮಾವನೂ ಬೀದಿದೀಪವೂ

ನಮ್ಮ ಬೀದಿಗೆ ಲೈಟು ಬೇಕು ಅಂತ ಜಗಳ ಆಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಲೈಟು ಬೇಡ ಅಂತ ಜಗಳ ಆಡಿದ ಮನುಷ್ಯ ಮಾತ್ರ ಇಡೀ ಗುಂಡ್ಲುಪೇಟೆಗೆ ಒಬ್ಬರೇ. ಆ ಒಬ್ಬರು ನಮ್ಮ ಸೋದರಮಾವನೇ ಆಗಬೇಕಿತ್ತೆ!

ಮಾವ ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದವರು. ಹರೆಯವೆಲ್ಲ ಕಾಡು ಕಾಯುವುದರಲ್ಲೇ ಕಳೆಯಿತು. ಕತ್ತಲೆ ಎಂದರೆ ಅವರಿಗೆ ಬಹಳ ಪ್ರೀತಿ. "ನಿಮ್ಮೂರ್ ಕತ್ಲೆ ಕತ್ಲೆನೇ ಅಲ್ಲ ಕಣಮ್ಮಿ. ನಮ್ ಕಾಡ್ ಕತ್ಲೇಲಿ ಕೈ ಮೂಗ್ ಮುಟ್ಟಿದ್ರೂ ಯಾರ್ ಮೂಗು ಅಂತ ಗೊತ್ತಾಗ್ತಿರ್ನಿಲ್ಲ" ಎಂದು ಚಾಮರಾಜನಗರದಿಂದ ನಾನು ಹೋದಾಗಲೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದರು. ನೌಕರಿ ಮುಗಿದ ಮೇಲೆ ಗುಂಡ್ಲುಪೇಟೆಯಲ್ಲೊಂದು ಪುಟ್ಟ ಮನೆ ಮಾಡಿಕೊಂಡು ಅತ್ತೆಯ ಜೊತೆ ನೆಮ್ಮದಿಯಾಗಿದ್ದರು. ಮನೆಯ ಮುಂದೆ ಬೀದಿದೀಪದ ಕಂಬ ಆಗಲೂ ಇತ್ತು. ಆದರೆ ಆ ಹಳೆಯ ದೀಪ ಬಲು ಸಭ್ಯ. ಉರಿಯುತ್ತಲೇ ಇರಲಿಲ್ಲ!

ಅದನ್ನು ಕಿತ್ತು ಬಿಳಿ ಎಲ್ಇಡಿ ಹಾಕಿದ ದಿನದಿಂದ ಶುರುವಾಯಿತು ನೋಡಿ ರಾಮಾಯಣ. ಬೆಳಕು ಸೀದಾ ಕಿಟಕಿಯಿಂದ ನುಗ್ಗಿ ಮಾವನ ಮಂಚದ ಮೇಲೆ, ಅದರಲ್ಲೂ ದಿಂಬಿನ ಮೇಲೆ, ಅದರಲ್ಲೂ ಅವರ ಎರಡು ಕಣ್ಣಿನ ಮೇಲೆ ಬಂದು ಕೂತಿತು. ಮೊದಲನೇ ದಿನ ಎಚ್ಚರವಾದ ಮಾವ, ಓಹೋ ಬೆಳಗಾಯಿತು ಎಂದುಕೊಂಡು ಹಲ್ಲುಜ್ಜಿ, ಒಲೆ ಹಚ್ಚಿ, ನೀರು ಕಾಯಿಸಿ, ಸ್ನಾನ ಮುಗಿಸಿ, ಹಣೆಗೆ ವಿಭೂತಿ ಎಳೆದು, ಹಾಲು ತರಲು ಚೊಂಬು ಹಿಡಿದು ಹೊರಟರಂತೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ವಾಪಸ್ಸು ಬಂದು ಗಡಿಯಾರ ನೋಡಿದರೆ, ಅವರು ಮಲಗಿ ಸರಿಯಾಗಿ ಎರಡು ಗಂಟೆಯೂ ಆಗಿರಲಿಲ್ಲ! "ಪಕ್ಕದ್ ಮನೆ ಹುಂಜನೂ ಕೂಗ್ತು ಕಣಮ್ಮಿ. ಅದ್ಕೂ ಮೋಸ ಮಾಡವ್ರೆ" ಎಂದು ಆಮೇಲೆ ನನ್ನೆದುರು ಹುಂಜದ ಪರವಾಗಿಯೂ ವಾದ ಮಂಡಿಸಿದರು.

ಪರದೆ ಹಾಕಿಕೊಳ್ಳಬಾರದೇ ಅಂತೀರಾ? ಹಾಕಿದರು. ಅತ್ತೆಯ ಹಳೆಯ ಸೀರೆ ಕಟ್ಟಿದರೆ ಬೆಳಕು ಸೀರೆಯ ಹೂವುಗಳ ಸಮೇತ ಒಳಗೆ ಬಂತು. ಕಂಬಳಿ ಕಟ್ಟಿದರೆ ಬೆಳಕು ನಿಂತಿತು, ಜೊತೆಗೆ ಗಾಳಿಯೂ ನಿಂತಿತು. ಕೊನೆಗೆ ಡ್ಯೂಟಿಯ ಕಾಲದ ದೊಡ್ಡ ಕರಿ ಕೊಡೆಯನ್ನು ಬಿಚ್ಚಿ, ಮಂಚದ ತಲೆದೆಸೆಗೆ ಹಗ್ಗದಲ್ಲಿ ಕಟ್ಟಿ, ಅದರಡಿ ತಲೆಯಿಟ್ಟು ಮಲಗಲು ಶುರು ಮಾಡಿದರು. ಪಕ್ಕದ ಮನೆಯ ಹೆಂಗಸು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಇದನ್ನು ನೋಡಿ ಗಾಬರಿಯಾಗಿ, "ಏನಣ್ಣ, ಮನೆ ಸೋರ್ತದಾ?" ಎಂದರು.

"ಸೋರ್ತದೆ ಕಣವ್ವ" ಎಂದರು ಮಾವ ಕೊಡೆಯೊಳಗಿನಿಂದ. "ಬೆಳಕು ಸೋರ್ತದೆ!"

ಇಷ್ಟೆಲ್ಲ ರಂಪ ನಡೆಯುವಾಗ ನಮ್ಮ ಅತ್ತೆ ಏನು ಮಾಡುತ್ತಿದ್ದರು? ನಿದ್ದೆ! ಅದೇ ಕೋಣೆಯಲ್ಲಿ, ಅದೇ ಬೆಳಕಲ್ಲಿ, ಮುಖ ಮೇಲೆ ಮಾಡಿಕೊಂಡು ಗಡದ್ದಾಗಿ ಗೊರಕೆ ಹೊಡೆಯುತ್ತಿದ್ದರು. ಮಾವನಿಗೆ ಇದರಿಂದ ಇನ್ನಷ್ಟು ಉರಿ. ಒಂದು ದಿನ ಸಿಟ್ಟಿನಲ್ಲಿ ಚಾಪೆ ಸುತ್ತಿಕೊಂಡು ಅಡುಗೆಮನೆಗೆ ಹೋಗಿ, ಅಕ್ಕಿಮೂಟೆ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿಬಿಟ್ಟರು. ಬೆಳಗಿನ ಜಾವ ಅತ್ತೆ ಮೇಲಿನ ಹಲಗೆಯಿಂದ ಕಾಫಿಪುಡಿ ಡಬ್ಬ ತೆಗೆಯಲು ಎಂದಿನಂತೆ ಮೂಟೆಯ ಮೇಲೆ ಕಾಲಿಟ್ಟರು. ಮೂಟೆ "ಅಯ್ಯಯ್ಯೋ, ಸತ್ನಲ್ಲಪ್ಪೋ!" ಎಂದು ಅರಚಿತು.

"ಗಂಡ ಯಾವ್ದು ಮೂಟೆ ಯಾವ್ದು ಅಂತ ಗೊತ್ತಾಗಕಿಲ್ವಾ ನಿಂಗೆ?" ಎಂದು ಮಾವ ಸೊಂಟ ಹಿಡಿದುಕೊಂಡು ಕೂಗಾಡಿದರು.

"ಮೂಟೆ ಜಾಗ್ದಲ್ಲಿ ಬಿದ್ಕಂಡಿದ್ರೆ ಮೂಟೆ ಅಂತ್ಲೇ ಅನ್ಕೋಬೇಕು. ಮೂಟೆ ಆದ್ರೆ ಕಿರುಚ್ತಿರ್ನಿಲ್ಲ, ಅದೊಂದೇ ಯತ್ವಾಸ" ಎಂದು ಅತ್ತೆ ಕಾಫಿಗೆ ನೀರಿಟ್ಟರು.

ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡ ಮಾವ ಇನ್ನು ಸುಮ್ಮನಿದ್ದರೆ ಆಗದು ಎಂದು ವಾರ್ಡಿನ ಮೆಂಬರ ಮನೆಗೇ ಹೋದರು. ಅವತ್ತು ನಾನು ಗುಂಡ್ಲುಪೇಟೆಯಲ್ಲೇ ಇದ್ದುದರಿಂದ ನನ್ನನ್ನೂ ಎಳೆದುಕೊಂಡು ಹೋದರು. ಜಗಲಿಯ ತುಂಬ ಜನ. ಮೆಂಬರು ಎರಡು ಫೋನಿನಲ್ಲಿ ಸರದಿಯಂತೆ ಮಾತಾಡುತ್ತಿದ್ದರು. ನಡುವೆ ಸಿಕ್ಕ ಸಂದಿಯಲ್ಲಿ ಮಾವ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು:

"ನೋಡಿ ಸ್ವಾಮಿ, ರಾತ್ರಿ ಒಂಬತ್ತಾಯ್ತು ಅಂದ್ರೆ ಬಂಡೀಪುರದ್ ರೋಡ್ನಲ್ಲಿ ಗಾಡಿ ಬುಡಕಿಲ್ಲ. ಯಾಕೆ? ಆನೆ ಕಣ್ಗೆ ಲೈಟ್ ಬೀಳ್ಬಾರ್ದು, ಅದ್ರ ನೆಮ್ದಿ ಕೆಡ್ಬಾರ್ದು ಅಂತ. ಸರಿ ತಾನೆ? ಆ ಆನೆಗಳ್ನ ಕಾಯ್ದೋನು ನಾನು. ಆನೆಗಿರೋ ಮರ್ವಾದಿ ನಂಗಿಲ್ವಾ?"

ಜಗಲಿಯಲ್ಲಿದ್ದವರೆಲ್ಲ ಹೌದಲ್ಲ ಎಂದು ತಲೆದೂಗಿದರು. ನಾನೂ ತಲೆದೂಗಿದೆ. ಅಷ್ಟರಲ್ಲಿ ಮೆಂಬರ ಇನ್ನೊಂದು ಫೋನು ಬಡಿದುಕೊಂಡಿತು. ಅದನ್ನು ಕಿವಿಗಿಟ್ಟುಕೊಳ್ಳುತ್ತಲೇ, "ನಿಮ್ ಬೀದಿ ಲೈಟಿನ್ ವಿಚಾರ ತಾನೆ ಯಜಮಾನ್ರೆ? ಮಾಡ್ಸನ ಬುಡಿ, ನಾನಿವ್ನಿ" ಎಂದು ಕೈ ಮುಗಿದರು. ಮಾವ ದಾರಿಯುದ್ದಕ್ಕೂ ಎದೆ ಉಬ್ಬಿಸಿಕೊಂಡು ನಡೆದರು.

ಪಾಪ, ಮೆಂಬರ ತಪ್ಪೇನಿದೆ ಹೇಳಿ? ಲೈಟಿನ ವಿಚಾರ ಎಂದು ಬಂದವರೆಲ್ಲ ಈವರೆಗೆ ಕೇಳಿದ್ದು ಒಂದೇ. ಮುಂದಿನ ವಾರವೇ ಏಣಿ ಕಟ್ಟಿದ ಗಾಡಿ ಬಂತು. ಮಾವ ಖುಷಿಯಿಂದ ಕೆಲಸದವರಿಗೆಲ್ಲ ಟೀ ಕೊಡಿಸಿದರು. ಅವರು ಟೀ ಕುಡಿದು, ಇದ್ದ ದೀಪವನ್ನು ಇಳಿಸಿ, ಅದರ ಜಾಗದಲ್ಲಿ ಮೊರದಗಲದ ಹೊಸ ದೀಪವನ್ನು ಏರಿಸಿದರು! ಸಂಜೆ ಮೆಂಬರೇ ಬಂದು, "ನಮ್ ಯಜಮಾನ್ರು ಬಂದ್ ಕೇಳಿದ್ರು, ನಾನ್ ಮಾಡ್ಕೊಟ್ಟೆ" ಎಂದು ಭಾಷಣ ಮಾಡಿ, ಮಾವನಿಗೆ ಶಾಲು ಹೊದಿಸಿ, ಅವರ ಕೈಯಿಂದಲೇ ಸ್ವಿಚ್ಚು ಹಾಕಿಸಿದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಮಾವ ಆ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಬೇವಿನಕಾಯಿ ತಿಂದವರ ಹಾಗೆ ನಗುತ್ತ ನಿಂತಿದ್ದರಂತೆ. ಇದನ್ನು ಫೋನಿನಲ್ಲಿ ಹೇಳುವಾಗ ಅತ್ತೆಗೆ ನಗು ತಡೆಯಲಾಗದೆ ಎರಡು ಸಲ ಕೆಮ್ಮು ಬಂತು.

ಇನ್ನು ದೂರು ಕೊಡುವುದು ಯಾರ ಮೇಲೆ? ಬೀದಿಗೆ ಲೈಟು ತಂದ ಪುಣ್ಯಾತ್ಮ ಎಂದು ದಾರಿಯಲ್ಲಿ ಹೋಗುವವರೆಲ್ಲ ಕೈ ಮುಗಿಯುವಾಗ? ಮಾವ ಕೆಲವು ತಿಂಗಳು ಕೆಂಗಣ್ಣು ಮಾಡಿಕೊಂಡು ಓಡಾಡಿದರು. ಆಮೇಲೆ ಲೈನ್‌ಮನ್ ಒಬ್ಬನ ಸ್ನೇಹ ಸಂಪಾದಿಸಿ, ದಿನಾ ಟೀ ಅಂಗಡಿಯಲ್ಲಿ ಅವನಿಗೆ ತಮ್ಮ ಕಷ್ಟ ತೋಡಿಕೊಂಡು, ಅಂತೂ ಅವನ ಮನಸ್ಸು ಕರಗಿಸಿದರು. ಅವನು ದೀಪಕ್ಕೆ ಮನೆಯ ಕಡೆಯಿಂದ ಒಂದು ತಗಡಿನ ಮರೆ ಮಾಡಿಕೊಟ್ಟ. ರಸ್ತೆಗೆ ಬೆಳಕಿಗೆ ಬೆಳಕು, ಮಾವನಿಗೆ ಕತ್ತಲೆಗೆ ಕತ್ತಲೆ! ಇಷ್ಟು ಸುಲಭದ ಕೆಲಸಕ್ಕೆ ಕೊಡೆ, ಮೂಟೆ, ಶಾಲು ಎಲ್ಲ ಬೇಕಾಯಿತಲ್ಲ!

ದಸರಾ ರಜೆಗೆ ನಾನು ಅಲ್ಲಿಗೆ ಹೋದದ್ದು ಮರೆ ಹಾಕಿದ ದಿನವೇ. ಮರುದಿನ ಬೆಳಗ್ಗೆ ಎದ್ದರೆ ಮಾವ ಹತ್ತು ವರ್ಷ ಚಿಕ್ಕವರಾದ ಹಾಗೆ ಕಾಣುತ್ತಿದ್ದರು. "ಎಂಥಾ ನಿದ್ದೆ ಕಣಮ್ಮಿ! ಕೊರಡು ಬಿದ್ದಂಗೆ ಮಲ್ಗಿದ್ದೆ" ಎನ್ನುತ್ತ ಬೇವಿನಕಡ್ಡಿ ಹಿಡಿದು ಹಿತ್ತಲಿಗೆ ಹೋದರು. ನಾನು ಅಡುಗೆಮನೆಗೆ ಹೋದೆ. ಅತ್ತೆಯ ಕಣ್ಣುಗಳು ಊದಿಕೊಂಡಿದ್ದವು. ಕಾವಲಿಯ ಮೇಲಿನ ರೊಟ್ಟಿ ಸೀಯುತ್ತಿದ್ದರೂ ಅವರಿಗೆ ಗಮನವಿಲ್ಲ.

"ಯಾಕತ್ತೆ, ಮೈ ಸರಿ ಇಲ್ವಾ?" ಎಂದೆ.

"ನಿದ್ದೆ ಬರ್ನಿಲ್ಲ ಕಣಮ್ಮಿ" ಎಂದರು. ಆಮೇಲೆ ನಾಚಿಕೆಪಟ್ಟುಕೊಂಡವರ ಹಾಗೆ ದನಿ ತಗ್ಗಿಸಿದರು. "ಕತ್ಲು ಅಂದ್ರೆ ಭಯ ನಂಗೆ. ಕಾಡ್ನಲ್ಲಿ ಕ್ವಾಟ್ರಸ್ನಲ್ಲಿ ಇದ್ದಾಗ ನಿಮ್ ಮಾವ ರಾತ್ರಿ ಬೀಟ್ ಅಂತ ಕಾಡ್ ಸುತ್ತಕ್ ಓಗ್ಬುಡೋರು. ಸೀಮೆಣ್ಣೆ ಮುಗುದ್ರೆ ಮುಗೀತು. ಆನೆ ಬಂದು ಗೋಡೆಗೆ ಮೈ ಉಜ್ಜೋದು, ಮನೆನೇ ಅಲ್ಲಾಡೋದು. ಉಸ್ರು ಬುಡ್ದೆ ಮೂಲೇಲಿ ಕೂತಿರ್ತಿದ್ದೆ. ಇವ್ರ ಎಜ್ಜೆ ಸದ್ದು ಕೇಳೋ ಗಂಟ ಕಣ್ ಮುಚ್ತಿರ್ನಿಲ್ಲ. ಇವ್ರು ಬಂದು, ಏನ್ ಚೆಂದ ಕಣೆ ಕತ್ಲು ಅನ್ನೋರು. ಏನೇಳ್ಲಿ? ಈ ಲೈಟ್ ಬಂದ್ಮೇಲೇ ಕಣಮ್ಮಿ ನಾನು ನಿದ್ದೆ ಅಂತ ಮಾಡಿದ್ದು."

"ಮಾವಂಗೆ ಹೇಳಬಾರದಾ?"

"ಬ್ಯಾಡ ಬುಡು. ಪಾಪ, ಇವತ್ತು ಎಷ್ಟು ಕುಸಿಯಾಗವ್ರೆ."

ಹಿತ್ತಲ ಬಾಗಿಲ ಆಚೆ ಬೇವಿನಕಡ್ಡಿ ಅಗಿಯುವ ಸದ್ದು ಯಾವಾಗಲೋ ನಿಂತುಹೋಗಿತ್ತು.

ಮಾವ ಒಳಗೆ ಬಂದು ತಿಂಡಿ ತಿಂದರು. ಸೀದ ರೊಟ್ಟಿಯ ಬಗ್ಗೆ ಒಂದೂ ತಕರಾರಿಲ್ಲ. ಅಷ್ಟು ಹೊತ್ತಿಗೇ ನನಗೆ ಅನುಮಾನ ಬರಬೇಕಿತ್ತು. "ಬಾರಮ್ಮಿ, ಟೀ ಕುಡ್ಕಂಡು ಬರನ" ಎಂದು ಕರೆದುಕೊಂಡು ಹೋದವರು ನೇರ ಲೈನ್‌ಮನ್ ಮುಂದೆ ನಿಂತರು.

"ಆ ತಗಡು ತೆಗುದ್ಬುಡ್ಲಾ."

ಅವನು ಟೀ ಲೋಟ ಕೆಳಗಿಟ್ಟ. "ನೆನ್ನೆ ತಾನೆ ಆಕಿದ್ದು! ನನ್ ಪ್ರಾಣ ತಿಂದು ಆಕಿಸ್ಕಂಡ್ರಲ್ಲ! ನಿಮ್ಗೇನ್ ತಲೆ ಕೆಟ್ಟದಾ ಯಜಮಾನ್ರೆ?"

"ಊಂ, ಕೆಟ್ಟದೆ. ತೆಗುದ್ಬುಡು" ಎಂದರು ಮಾವ. ಅವನ ಟೀ ದುಡ್ಡನ್ನೂ ತಾವೇ ಕೊಟ್ಟರು.

ಸಂಜೆ ದೀಪ ಹತ್ತಿತು. ಕೋಣೆ ಬೆಳ್ಳಗಾಯಿತು. ಅತ್ತೆ ಬೆರಗಾಗಿ ಕಿಟಕಿಯ ಹತ್ತಿರ ಬರುವುದೇ ತಡ, ಮಾವ ಬೀದಿಗೆಲ್ಲ ಕೇಳುವಂತೆ ಎಗರಾಡಿದರು: "ಕೋತಿ ಕಣೆ ಕೋತಿ! ತಗಡ್ ಕಿತ್ತಾಕ್ಬುಡ್ತು! ಅದ್ರ ಮನೆ ಕಾಯ್ವಾಗ!"

"ಓಗ್ಲಿ ಬುಡಿ, ಮೂಗ್ ಪ್ರಾಣಿ" ಎಂದರು ಅತ್ತೆ. "ಅದ್ಕೂ ಕತ್ಲು ಅಂದ್ರೆ ಭಯವೇನೋ."

ಊಟ ಮುಗಿಸಿ ಅತ್ತೆ ಮಲಗಿದ್ದೇ ಕ್ಷಣದಲ್ಲಿ ನಿದ್ದೆ ಹೋದರು. ಬೆಳಕು ಅವರ ನೆರೆತ ಕೂದಲ ಮೇಲೆ, ಅರೆ ತೆರೆದ ಬಾಯಿಯ ಮೇಲೆ ಬಿದ್ದಿತ್ತು. ಮಾವ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಅವರನ್ನೇ ನೋಡುತ್ತ ಕುಳಿತಿದ್ದರು.

"ನಿಮ್ಮ ನಿದ್ದೆಯ ಗತಿ ಏನು ಮಾವ?" ಎಂದು ಮೆಲ್ಲಗೆ ಕೇಳಿದೆ.

"ಅಷ್ಟು ವರ್ಷ ನಂಗೋಸ್ಕರ ಅವ್ಳು ನಿದ್ದೆಗೆಟ್ಟವ್ಳೆ ಕಣಮ್ಮಿ" ಎಂದರು ಮಾವ, ಅತ್ತೆಯ ಕಾಲಿನ ಮೇಲೆ ಹೊದಿಕೆ ಎಳೆಯುತ್ತ. "ಈಗ ನನ್ ಪಾಳಿ."