ಏಣಿ ಹತ್ತದ ಮಾವನ ವಿಮಾನ ಪಾಠ

ನನಗೆ ವಿಮಾನ ಇಳಿಸೋದು ಕಲಿಸಿದ ಗುರು ಏಣಿಯ ಮೂರನೇ ಮೆಟ್ಟಿಲಿಗೇ ಬೆವರುವ ಮನುಷ್ಯ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ! ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಬೇಕಾದರೆ ಹೆಂಡತಿಯನ್ನು ಮೇಲೆ ಹತ್ತಿಸಿ, ಕೆಳಗೆ ಏಣಿ ಹಿಡಿದುಕೊಂಡು "ಉಸಾರು ಕಣಮ್ಮಿ, ಉಸಾರು" ಅಂತ ಕೂಗುತ್ತಾ, ತಾನೇ ಕಣ್ಣು ಮುಚ್ಚಿಕೊಳ್ಳುವ ಆಸಾಮಿ.

ಈತ ನನ್ನ ಸೋದರಮಾವ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ ಮೂವತ್ತು ವರ್ಷ ಪ್ರೈವೇಟ್ ಬಸ್ಸು ಓಡಿಸಿದವನು. ಘಾಟಿಯ ತಿರುವಿನಲ್ಲೂ ಬಾಯಲ್ಲಿ ಕಡ್ಲೇಕಾಯಿ ನಿಲ್ಲುತ್ತಿರಲಿಲ್ಲವಂತೆ. "ಅಲ್ಲಿ ಭಯ ಆಗ್ತಿರ್ಲಿಲ್ವಾ ಮಾವ?" ಅಂತ ಕೇಳಿದ್ದಕ್ಕೆ, "ಬಸ್ಸಿನ್ ಚಕ್ರ ನೆಲದ್ ಮ್ಯಾಲದೆ ಕಣ್ ಕೂಸೇ" ಅಂದಿದ್ದ.

ನಾನು ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಹಾರಾಟದ ಪರೀಕ್ಷೆಯಲ್ಲಿ ಫೇಲಾಗಿ ಊರಿಗೆ ಬಂದಿದ್ದೆ. ಪಕ್ಕದಲ್ಲಿ ಕೂತ ಪರೀಕ್ಷಕರು ಇದ್ದಕ್ಕಿದ್ದಂತೆ ಇಂಜಿನ್ನಿನ ಶಕ್ತಿ ತಗ್ಗಿಸಿ, "ಇಂಜಿನ್ ಹೋಯ್ತು ಅಂದ್ಕೊಳ್ಳಿ. ಎಲ್ಲಿ ಇಳಿಸ್ತೀರಿ?" ಅನ್ನುತ್ತಾರೆ. ತಕ್ಷಣ ಒಂದು ಹೊಲ ಆರಿಸಿ ಅದರ ಕಡೆ ತೇಲಿಕೊಂಡು ಹೋಗಬೇಕು. ನಾನೋ, ಸೀರೆ ಅಂಗಡಿಗೆ ಹೋದವಳ ಹಾಗೆ ಇದಾ ಅದಾ ಅಂತ ನೋಡುತ್ತಾ ಕೂತೆ! ನೋಡಿ ಮುಗಿಸುವಷ್ಟರಲ್ಲಿ ಎತ್ತರವೆಲ್ಲ ಕರಗಿಹೋಗಿತ್ತು. ತಿಂಗಳು ಬಿಟ್ಟು ಇನ್ನೊಂದು ಅವಕಾಶ ಅಂದರು. ಅದೂ ಹೋದರೆ ಮನೆಯಲ್ಲೇ ಕೂರೋದು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

"ಅಷ್ಟೇಯಾ? ನಾನೂ ಲೈಸನ್ಸ್‌ಗೆ ಗಾಡೀಲಿ ಎಂಟು ಆಕಕ್ಕೆ ಓಗಿ ಮೂರ್ ಸಲ ಫೇಲು!" ಅಂದ ಮಾವ. "ನಾಳೆಯಿಂದ ನನ್ ಜೊತೆ ಬಾ. ಹೊಲ ಗುರುತಿಸದು ನಾನ್ ಏಳ್ಕೊಡ್ತೀನಿ."

"ಊರಿಗೆಲ್ಲ ಹೊಲ ತೋರ್ಸು!" ಅಂತ ಒಳಗಿಂದ ಅತ್ತೆ. "ಧನಗೆರೆಲಿರೋ ನಮ್ ಹೊಲಕ್ಕೆ ಎರಡು ವರ್ಷದಿಂದ ಒಂದ್ ಕಾಳು ಬಿತ್ತಿಲ್ಲ ಈ ಮಾರಾಯ. ಕೇಳುದ್ರೆ, ಭೂಮಿಗೂ ರಜೆ ಬೇಕಂತೆ!"

ಮಾವ ಕೇಳಿಸದವನ ಹಾಗೆ ಟಿವಿಎಸ್ ಒರೆಸತೊಡಗಿದ.

ಮರುದಿನ ಬೆಳಿಗ್ಗೆ ಯಳಂದೂರು ರಸ್ತೆ. ನಾನು ಹಿಂದೆ ಕೂತಿದ್ದೇನೆ. ಗಾಡಿ ಚೆನ್ನಾಗಿಯೇ ಹೋಗುತ್ತಿತ್ತು. ಮಹಾನುಭಾವ ನಿಜವಾಗಿಯೂ ಕೀ ತಿರುಗಿಸಿಬಿಟ್ಟ!

"ಇಂಜಿನ್ ಓಯ್ತು! ಎಲ್ಲಿ ಇಳುಸ್ತೀಯಾ? ಒಂದು... ಎರಡು..."

"ಆ ಹಸಿರು ಗದ್ದೆ!"

"ನೀರು ನಿಂತದೆ. ಮುಳುಗ್ದೆ."

"ಹಾಗಾದ್ರೆ ಬಾಳೆ ತೋಟ!"

"ಗೊನೆ ಬಿಟ್ಟವೆ ಕಣೇ ಮನೆಹಾಳಿ! ಇಮಾನ ಓಗ್ಲಿ, ಬಾಳೆಗೊನೆ ಏನ್ ಪಾಪ ಮಾಡಿತ್ತು?"

ಹೀಗೆ ಒಂದೇ ಬೆಳಿಗ್ಗೆ ಹನ್ನೊಂದು ಸಲ ಸತ್ತೆ. ಆದರೆ ಪಾಠ ಮಾತ್ರ ಪಕ್ಕಾ. "ಕುರಿ ಮೇಯ್ತಿದ್ರೆ ನೆಲ ಗಟ್ಟಿ. ಎಮ್ಮೆ ಮಲಗಿದ್ರೆ ಕೆಸರು. ಆಲೆಮನೆ ಹೊಗೆ ಯಾವ ಕಡೀಕ್ ವಾಲ್ತದೆ ನೋಡು, ಗಾಳಿ ಗೊತ್ತಾಯ್ತದೆ. ಆರಿಸ್ದ ಮ್ಯಾಲೆ ಇನ್ನೊಂದ್ ಕಡೆ ತಿರುಗ್ ನೋಡಬ್ಯಾಡ." ಪುಸ್ತಕದಲ್ಲಿ ಇದೆಲ್ಲ ಇತ್ತು, ಎಮ್ಮೆ ಇರಲಿಲ್ಲ.

ಅಗರದ ಹತ್ತಿರ ನಾನು ಒಂದು ಗದ್ದೆ ಕಡೆ ಬೆರಳು ತೋರಿಸಿದ್ದೇ ತಡ, ಬದುವಿನ ಮೇಲಿದ್ದ ರೈತರೊಬ್ಬರು ಓಡಿಬಂದರು.

"ಯಾಕವ್ವಾ ನಮ್ ಗದ್ದೆ ತೋರುಸ್ತಿದ್ದೀಯೆ? ಮಾರಕ್ಕಿಲ್ಲ!"

"ಕೊಂಡ್ಕಳಕ್ಕಲ್ಲ ಕಣಪ್ಪಾ," ಅಂದ ಮಾವ ಗಂಭೀರವಾಗಿ, "ಇಮಾನ ಇಳುಸಕ್ಕೆ."

ಅವರು ನನ್ನನ್ನೂ ಟಿವಿಎಸ್ಸನ್ನೂ ಆಕಾಶವನ್ನೂ ಒಂದು ಸುತ್ತು ನೋಡಿದರು. "ನಾಟಿ ಆಗಿ ಇನ್ನೂ ಎಂಟ್ ದಿನ ಸಾ. ಕಟಾವು ಆದ್ಮೇಲೆ ಬನ್ನಿ, ಇಳುಸ್ಕಳಿ."

ಎಷ್ಟು ದೊಡ್ಡ ಮನಸ್ಸು ನೋಡಿ!

ಬಸ್ಸಿನ ಕತೆಯನ್ನಂತೂ ಹೇಳಲೇಬಾರದು. ಹೇಳುತ್ತೇನೆ. ಕೌದಳ್ಳಿಗೆ ಒಂದು ಬೀಗರೂಟಕ್ಕೆ ಹೊರಟಿದ್ದೆವು. ಬಸ್ಸು ತುಂಬ ಜನ, ನಾನು ತೂಕಡಿಸುತ್ತಿದ್ದೆ. ಪಾಠ ತಪ್ಪಬಾರದಲ್ಲ? ಮಾವ ನನ್ನ ಕಿವಿಯ ಹತ್ತಿರ, ಮೂವತ್ತು ವರ್ಷದ ಡ್ರೈವರ್ ಗಂಟಲಿನಲ್ಲಿ, "ಇಂಜಿನ್ ಓಯ್ತು!" ಅಂತ ಕೂಗಿದ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. "ಮಾದಪ್ಪಾ!" ಅಂತ ಅರ್ಧ ಬಸ್ಸು ಇಳಿದೇಬಿಟ್ಟಿತು. ಡ್ರೈವರ್ ಒಂದು ಕಾಲದಲ್ಲಿ ಮಾವನ ಕೈಕೆಳಗೆ ಕಲಿತವನೇ. ತಿರುಗಿ ನೋಡಿ ಕೈಮುಗಿದ. "ಅಣ್ಣೋ, ರಿಟೈರ್ ಆದ್ರೂ ನನ್ ಪ್ರಾಣ ತಿಂತೀಯಲ್ಲಾ!"

ಪರೀಕ್ಷೆಯ ದಿನ ಬಂತು. ಆಕಾಶದಲ್ಲಿ ಪರೀಕ್ಷಕರ ಕೈ ಮೆಲ್ಲಗೆ ಮುಂದೆ ಬಂದು ಇಂಜಿನ್ ತಗ್ಗಿತು. ನನ್ನ ಕಿವಿಯಲ್ಲಿ "ಒಂದು... ಎರಡು..." ಶುರುವಾಗಿಹೋಗಿತ್ತು!

"ಆ ಬೂದು ಹೊಲ ಸರ್," ಅಂದೆ.

"ಯಾಕೆ ಅದೇ?"

"ಪಕ್ಕದ ಹೊಲದಲ್ಲಿ ಕುರಿ ಮೇಯ್ತಿವೆ ಸರ್. ನೆಲ ಗಟ್ಟಿ. ಹೊಗೆ ಈ ಕಡೆ ವಾಲಿದೆ, ಗಾಳಿಗೆ ಎದುರಾಗಿ ಇಳೀಬಹುದು."

ಅವರು ಕನ್ನಡಕ ಸರಿಮಾಡಿಕೊಂಡು ಕುರಿ ಹುಡುಕಿದರು. ನಾನು ಬೇರೆ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಅದೇ ಹೊಲಕ್ಕೆ ತೇಲಿಸಿಕೊಂಡು ಹೋದೆ. ಇನ್ನೇನು ಕುರಿಗಳ ಕಿವಿ ಕಾಣಬೇಕು ಅನ್ನುವಾಗ, "ಸಾಕು, ಮೇಲೆತ್ತಿ" ಅಂದರು. ಪಾಸು!

ಸಿಹಿ ಕಟ್ಟಿಸಿಕೊಂಡು ಮಾವನ ಮನೆಗೆ ಓಡಿದೆ. "ಧನಗೆರೆ ಹೊಲದಲ್ಲವ್ನೆ, ಅದೇನ್ ಮಾಡ್ತಾನೋ ದೇವ್ರೇ ಬಲ್ಲ" ಅಂದರು ಅತ್ತೆ.

ಹೋಗಿ ನೋಡಿದರೆ, ಮಾವ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲು ಆಯುತ್ತಿದ್ದ. ಹೊಲದ ನಡುವೆ ಮೊದಲಿದ್ದ ಬದು ಇರಲಿಲ್ಲ. ನುಗ್ಗೆಮರವೂ ಇರಲಿಲ್ಲ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒರೆಸಿಟ್ಟ ಹಾಗೆ ಸಮ. ನಾಲ್ಕು ಮೂಲೆಗೂ ಸುಣ್ಣ ಬಳಿದ ಕಲ್ಲು. ಬೇಲಿಗೂಟದ ತುದಿಯಲ್ಲಿ ಅವನ ಹಳೇ ಖಾಕಿ ಅಂಗಿ ಗಾಳಿಗೆ ಪಟಪಟ ಅನ್ನುತ್ತಿತ್ತು.

"ಏನ್ ಮಾವ ಇದು?"

ಸಿಕ್ಕಿಬಿದ್ದವನ ಹಾಗೆ ತಲೆ ಕೆರೆದುಕೊಂಡ. "ಒಬ್ಳೇ ಹಾರುಸ್ತಿದ್ದೀನಿ, ಒಂದೊಂದ್ ಸಲ ಈ ಕಡೀಕೂ ಬತ್ತೀನಿ ಅಂದಿದ್ಯಲ್ಲ ಎರಡ್ ವರ್ಷದ್ ಹಿಂದೆ... ಮ್ಯಾಲೆ ಏನಾರಾ ಆದ್ರೆ, ಇಳುಸಕ್ಕೆ ನಮ್ದು ಅಂತ ಒಂದ್ ಜಾಗ ಇರ್ಲಿ ಅಂತ."

ನನಗೆ ಅಳು ಬಂದುಬಿಟ್ಟಿತು. ಎರಡು ವರ್ಷ ಅತ್ತೆಯ ಬೈಗುಳ ನುಂಗಿಕೊಂಡು ಈತ ಬೆಳೆದದ್ದು ಇದನ್ನ! ಕಣ್ಣು ಒರೆಸಿಕೊಂಡು, "ಪಾಸಾದೆ ಮಾವ. ಇನ್ನಾದ್ರೂ ಇಲ್ಲಿ ಅರಿಸಿನ ಹಾಕು" ಅಂದೆ.

ಅವನ ಮುಖ ಅರಳಿತು. ನನ್ನ ತಲೆ ಸವರಿ, ಮತ್ತೆ ಬಗ್ಗಿ ಒಂದು ಕಲ್ಲು ಎತ್ತಿಕೊಂಡ.

"ಪಾಸಾದ್ಮ್ಯಾಲೇ ಅಲ್ವಾ ಕೂಸೇ, ಆಕಾಸ್ದಲ್ಲಿ ಜಾಸ್ತಿ ಓಡಾಡದು?"

ಸಿಹಿ ಪೊಟ್ಟಣ ಬದಿಗಿಟ್ಟು ನಾನೂ ಕಲ್ಲು ಆಯಲು ಕೂತೆ.